ಬಳ್ಳಾರಿ ಜಾಲಿ

ಬಳ್ಳಾರಿ ಜಾಲಿ (ಸಸ್ಯಶಾಸ್ತ್ರೀಯ ಹೆಸರು: ಪ್ರೊಸೋಪಿಸ್ ಜೂಲಿಫ್ಲೋರಾ) ಫ್ಯಾಬೇಸೀ ಕುಟುಂಬಕ್ಕೆ ಸೇರಿದ ಮುಳ್ಳುಮರ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಇದರ ಮೂಲ ನೆಲೆ ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗ ಹಾಗೂ ಕೆರಿಬಿಯನ್ ದ್ವೀಪಗಳು. ಕರ್ನಾಟಕದ ಒಣಪ್ರದೇಶಗಳಲ್ಲಿ ವ್ಯಾಪಕವಾಗಿ ಹರಡಿರುವ ಆಕ್ರಮಣಕಾರಿ ವಿದೇಶಿ ಸಸ್ಯಗಳಲ್ಲಿ ಇದು ಒಂದು. ದಸರೆಯಲ್ಲಿ ಎಲೆ ಹಂಚಿಕೊಳ್ಳುವ ಬನ್ನಿ (ಪ್ರೊಸೋಪಿಸ್ ಸಿನರೇರಿಯ) ಇದರ ದೇಶೀಯ ಬಂಧು. 2022ರ ವರ್ಗೀಕರಣವು ಬಳ್ಳಾರಿ ಜಾಲಿಯನ್ನು ನೆಲ್ಟುಮಾ ಎಂಬ ಕುಲಕ್ಕೆ ಸೇರಿಸಿದೆ; ಬನ್ನಿ ಹಳೆಯ ಕುಲದಲ್ಲೇ ಉಳಿದಿದೆ.

ಭಾರತಕ್ಕೆ ಆಗಮನ

ಬರಡು ನೆಲವನ್ನು ಹಸಿರಾಗಿಸಲು ಮತ್ತು ಸೌದೆ ಒದಗಿಸಲು ಸರ್ಕಾರವೇ ಈ ಮರವನ್ನು ತರಿಸಿತು. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ 1876ರಲ್ಲಿ ಬೀಜಕ್ಕಾಗಿ ಕೋರಿದನು. ಮರುವರ್ಷ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಸಸಿಗಳನ್ನು ನೆಡಲಾಯಿತು. ಈ ಚರಿತ್ರೆ ಜನರಿಟ್ಟ ಹೆಸರುಗಳಲ್ಲಿಯೂ ಉಳಿದಿದೆ. ತೆಲುಗಿನಲ್ಲಿ ಇದು 'ಸರ್ಕಾರ್ ತುಮ್ಮ', ತಮಿಳಿನಲ್ಲಿ 'ಸೀಮೈ ಕರುವೇಲಂ', ಅಂದರೆ ಸೀಮೆಯ ಕರಿಜಾಲಿ. 1961ರ ಸುಮಾರಿಗೆ ಕಚ್ಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ ಇದನ್ನು ಬಿತ್ತಲಾಯಿತು. ಅಲ್ಲಿಯ ಜನ ಇದಕ್ಕೆ 'ಗಾಂಡೊ ಬಾವಳ', ಅಂದರೆ ಹುಚ್ಚು ಜಾಲಿ ಎನ್ನುತ್ತಾರೆ.

ಹರಡುವ ಬಗೆ

ಇದರ ಹಳದಿ ಕಾಯಿಗಳು ಸಿಹಿಯಾಗಿರುವುದರಿಂದ ಆಡು, ಕುರಿ, ದನಗಳು ಮೆಚ್ಚಿ ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜಗಳಲ್ಲಿ ಹಲವು ಜೀರ್ಣವಾಗದೆ ಹೊರಬಿದ್ದು, ಸಗಣಿ ಹಿಕ್ಕೆಗಳ ಗೊಬ್ಬರದಲ್ಲೇ ಮೊಳೆಯುತ್ತವೆ. ಮಳೆಗಾಲದ ಹಳ್ಳಗಳು ಅವನ್ನು ಇನ್ನೂ ದೂರ ಒಯ್ಯುತ್ತವೆ. ಎಳೆಯ ಮುಳ್ಳಿನ ಗಿಡವನ್ನು ಮಾತ್ರ ಯಾವ ದನವೂ ಸುಲಭವಾಗಿ ಮೇಯದು. ಬೇರು ಬಹಳ ಆಳಕ್ಕೆ ಇಳಿಯುತ್ತದೆ; ಅರಿಜೋನಾದ ಗಣಿಯೊಂದರಲ್ಲಿ ಇದೇ ಗುಂಪಿನ ಮರದ ಬೇರು 53 ಮೀಟರ್ ಆಳದಲ್ಲಿ ಕಂಡುಬಂದಿತ್ತು.

ಹುಣಸಗಿ ಭಾಗದಲ್ಲಿ

ಹಿಂದೆ ಸುರಪುರ ತಾಲ್ಲೂಕಿಗೆ ಸೇರಿದ್ದ, ಈಗ ಯಾದಗಿರಿ ಜಿಲ್ಲೆಯ ಪ್ರತ್ಯೇಕ ತಾಲ್ಲೂಕಾಗಿರುವ ಹುಣಸಗಿ ಮಳೆ ಕಡಿಮೆಯಿರುವ ನಾಡು. ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದ ಎಡದಂಡೆ ಕಾಲುವೆ ಇಲ್ಲಿಯ ಹೊಲಗಳಿಗೆ ನೀರು ತಂದಿತು. ಕಾಲುವೆಯ ಏರಿ, ಹಳ್ಳದ ದಂಡೆ, ರಸ್ತೆ ಬದಿ, ಉಳುಮೆಯಿಲ್ಲದ ಗಾಯರಾಣ: ಇಂಥ ಕಡೆ ಜಾಲಿಕಂಟಿ ಬೇಗ ನೆಲೆಯೂರುತ್ತದೆ. ನೀರಾವರಿ ಹೊಲಗಳ ಬದುಗಳಲ್ಲಿ ಇದರ ಜೊತೆಗೆ ಇನ್ನೊಂದು ಅಮೆರಿಕ ಮೂಲದ ಕಳೆಯಾದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡವೂ ಬೆಳೆಯುತ್ತದೆ.

ಪರಿಣಾಮಗಳು

ದಟ್ಟ ಪೊದೆಯ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ನೆರಳಷ್ಟೇ ಅಲ್ಲದೆ ಉದುರಿದ ಎಲೆಗಳ ರಾಸಾಯನಿಕಗಳೂ ಇತರ ಸಸ್ಯಗಳ ಮೊಳಕೆಯನ್ನು ತಡೆಯುತ್ತವೆ. ಆದ್ದರಿಂದ ಮೊದಲ ನಷ್ಟ ಕುರಿಗಾಹಿಗಳದು: ಸ್ವಂತ ಹೊಲವಿಲ್ಲದವರಿಗೆ ಗಾಯರಾಣವೇ ಮೇವಿನ ಆಧಾರ. ಬರೀ ಕಾಯಿಯನ್ನೇ ಹೆಚ್ಚು ದಿನ ತಿಂದ ದನಗಳಿಗೆ ದವಡೆಯ ಸ್ನಾಯುಗಳು ಕ್ಷೀಣಿಸುವ ರೋಗ ಬರುತ್ತದೆ. ಕೀನ್ಯಾದ ಬರಿಂಗೊ ಪ್ರದೇಶದ ಪಶುಪಾಲಕರು ಈ ಮರವನ್ನು ನೆಡಿಸಿದ ಸರ್ಕಾರದ ವಿರುದ್ಧ ಮೊಕದ್ದಮೆ ಹೂಡಿ, ಹಲ್ಲು ಕಳೆದುಕೊಂಡ ಆಡನ್ನೇ ಸಾಕ್ಷ್ಯವಾಗಿ ನ್ಯಾಯಾಲಯಕ್ಕೆ ತಂದಿದ್ದರು. ಹೂವಿನ ಪರಾಗ ಕೆಲವರಲ್ಲಿ ಅಲರ್ಜಿ ಮತ್ತು ಉಬ್ಬಸ ಉಂಟುಮಾಡುತ್ತದೆ.

ಆದರೆ ಈ ಮರವನ್ನು ಕೇವಲ ಶತ್ರುವೆಂದು ಬರೆಯುವುದು ಅರ್ಧಸತ್ಯ. ಇದರ ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ, ಇದ್ದಿಲಿಗೂ ಬೆಲೆಯಿದೆ. ಅನೇಕ ಬಡ ಮನೆಗಳ ಒಲೆ ಉರಿಯುವುದು ಇದರಿಂದಲೇ. ಬೇರುಗಂಟುಗಳು ಮಣ್ಣಿಗೆ ಸಾರಜನಕ ಸೇರಿಸುತ್ತವೆ. ಹೂವು ಜೇನಿಗೆ ಆಹಾರ. ಕಂಟಿ ತೆಗೆಯುವ ಕಾಮಗಾರಿಗೆ ಊರಲ್ಲಿ ಒಮ್ಮತ ಮೂಡದಿರಲು ಇದೂ ಒಂದು ಕಾರಣ.

ನಿಯಂತ್ರಣ

ನೆಲಮಟ್ಟದಲ್ಲಿ ಕಡಿದರೆ ಬುಡದಿಂದ ಹಲವು ಕವಲುಗಳು ಚಿಗುರಿ, ಒಂದು ಮರವಿದ್ದಲ್ಲಿ ಪೊದೆಯಾಗುತ್ತದೆ. ಚಿಗುರುವ ಮೊಗ್ಗುಗಳಿರುವ ಬೇರಿನ ಮೇಲ್ಭಾಗವನ್ನು ಅಗೆದು ತೆಗೆಯಬೇಕು. ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿರುವುದರಿಂದ ತೆರವುಗೊಳಿಸಿದ ಜಾಗದಲ್ಲಿ ಹೊಸ ಸಸಿಗಳನ್ನು ಮಳೆಗಾಲದ ನಂತರ ಪ್ರತಿವರ್ಷ ಕೀಳಬೇಕಾಗುತ್ತದೆ. ಪಾರ್ಥೇನಿಯಂ ಎಲೆ ತಿನ್ನುವ ಮೆಕ್ಸಿಕನ್ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಗಿತ್ತು. ಜಾಲಿಯ ಬೀಜ ತಿನ್ನುವ ಕೀಟಗಳನ್ನು ದಕ್ಷಿಣ ಆಫ್ರಿಕ ಮತ್ತು ಆಸ್ಟ್ರೇಲಿಯಗಳು ಬಳಸಿವೆ. ಕಾಯಿಗಳನ್ನು ಬಲಿತೊಡನೆ ಆಯ್ದು, ಬೀಜ ಸಹಿತ ಹಿಟ್ಟು ಮಾಡಿ, ಇತರ ಮೇವಿನೊಂದಿಗೆ ಮಿತವಾಗಿ ಬೆರೆಸಿ ಕೊಟ್ಟರೆ ದನಕ್ಕೆ ಆಹಾರವೂ ಆಗುತ್ತದೆ, ಪುಡಿಯಾದ ಬೀಜ ಮತ್ತೆ ಮೊಳೆಯುವುದೂ ಇಲ್ಲ.