ಮೆಟ್ಟಿಲಿಲ್ಲದ ಬೇಸ್ ಗಿಟಾರು

ಕಳೆದ ಬೇಸಗೆಯಲ್ಲಿ ನಮ್ಮ ಕಿರಿಯ ಮಗನು ಹುಡುಗರಿಗೆ ಮನೆಪಾಠ ಹೇಳಿ ಕೂಡಿಸಿದ್ದ ಹಣದಿಂದ ಹಳೆಯದೊಂದು ಬೇಸ್ ಗಿಟಾರನ್ನು ಕೊಂಡು ತಂದನು. ನಾಲ್ಕು ದಪ್ಪ ತಂತಿಗಳುಳ್ಳ, ಮಂದ್ರಸ್ಥಾಯಿಯಲ್ಲಿ ನುಡಿಯುವ ವಿದ್ಯುದ್ವಾದ್ಯವಿದು. ಅಗ್ಗದ ವಾದ್ಯವೇ ಸರಿ. ಆದರೂ ಅವನ ಒಂದು ವರುಷದ ಉಳಿತಾಯವೆಲ್ಲವೂ ಅದರಲ್ಲಿತ್ತು. ಸಾಯಂಕಾಲ ತಾಯಿಯು ತಂಬೂರಿಯನ್ನು ಹಿಡಿದು ಕಲ್ಯಾಣಿಯನ್ನು ಹಾಡುವಾಗ ತಾನೂ ಜೊತೆಗೂಡಬೇಕೆಂಬುದು ಅವನ ಬಯಕೆ. ಹಾಗೆಯೇ ಕುಳಿತನು. ಎರಡು ಆವರ್ತಗಳು ಕಳೆಯುವುದರೊಳಗಾಗಿ ನಮ್ಮ ಗೃಹಿಣಿಯು ಹಾಡನ್ನು ನಿಲ್ಲಿಸಿ, “ಮಗು, ನಿನ್ನ ಗಾಂಧಾರ ಮೇಲಾಯಿತು” ಎಂದಳು. “ನಾನೇನು ಮಾಡಲಮ್ಮ? ಮೆಟ್ಟಿಲು ಅಲ್ಲಿಯೇ ಇದೆ” ಎಂದು ಅವನು ಉತ್ತರವಿತ್ತನು. ಇಬ್ಬರ ಮಾತೂ ನಿಜವಾಗಿದ್ದಿತು. ಮರುದಿನದಿಂದ ಅವನು ತಾಯಿಯ ಬಳಿ ವಾದ್ಯವನ್ನು ತರಲಿಲ್ಲ.

ಈ ವಿರೋಧದ ಮೂಲವನ್ನು ಅಳತೆಗೋಲಿನಿಂದ ತಿಳಿಯಬಹುದು. ಪಾಶ್ಚಾತ್ಯರು ಸ್ಥಾಯಿಯನ್ನು ಹನ್ನೆರಡು ಸಮಾಂತರಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಒಂದೊಂದು ಲೋಹದ ಮೆಟ್ಟಿಲನ್ನು ಜಡಿಯುತ್ತಾರೆ. ಸಾಮಾನ್ಯವಾದ ಬೇಸ್ ಗಿಟಾರಿನಲ್ಲಿ ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ 34 ಅಂಗುಲ, ಎಂದರೆ ಸುಮಾರು 864 ಮಿಲಿಮೀಟರು. ಬಿಡಿತಂತಿಯನ್ನು ಷಡ್ಜವೆಂದು ಭಾವಿಸಿದರೆ ಪಂಚಮದ ಮೆಟ್ಟಿಲು ಮೇರುವಿನಿಂದ 287 ಮಿಲಿಮೀಟರು ದೂರದಲ್ಲಿರುವುದು. ತಂತಿಯ ಮೂರನೆಯ ಒಂದು ಪಾಲಿನಲ್ಲಿ ಹುಟ್ಟುವ ಶುದ್ಧಪಂಚಮಕ್ಕೆ 288. ಇಲ್ಲಿ ಕಿವಿಗೆ ಭೇದವೆನಿಸದು. ಅಂತರಗಾಂಧಾರದಲ್ಲಾದರೋ ಮೆಟ್ಟಿಲು 178ರಲ್ಲಿ. ತಂಬೂರಿಯಲ್ಲಿ ತಾನಾಗಿ ಮೊಳಗುವ ಸ್ವಯಂಭೂಗಾಂಧಾರಕ್ಕೆ ಸಲ್ಲುವ ಸ್ಥಾನ 173ರ ಸಮೀಪದಲ್ಲಿ. ಐದು ಮಿಲಿಮೀಟರುಗಳ ಈ ಅಂತರವೇ ತಾಯಿಮಕ್ಕಳ ವ್ಯಾಜ್ಯಕ್ಕೆ ಕಾರಣ. ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಸ್ವರವನ್ನು ಏರಿಸಬಹುದಲ್ಲದೆ ಇಳಿಸಲು ಬಾರದು. ನಮ್ಮ ವೀಣೆಗೂ 24 ಮೆಟ್ಟಿಲುಗಳುಂಟು; ಆದರೆ ಅವು ಮೇಣದ ಮೇಲೆ ಕುಳಿತವುಗಳಾದುದರಿಂದ ಮೇಳ ಕಟ್ಟುವವನು ಕಿವಿಯಿಂದ ಕೇಳಿ ಅತ್ತಿತ್ತ ಸರಿಸಬಲ್ಲನು. ಗಿಟಾರಿನ ಮೆಟ್ಟಿಲುಗಳು ಮರದ ಸೀಳಿನಲ್ಲಿ ಬಿಗಿದಿರುವುವು. ಅವನ್ನು ಸರಿಸುವಂತಿಲ್ಲ, ಕೀಳುವುದೊಂದೇ ಉಪಾಯ.

ಈ ಸಾಹಸವು ಹೊಸದೇನೂ ಅಲ್ಲ. ಅಮೆರಿಕಾ ದೇಶದ ಲಿಯೋ ಫೆಂಡರ್ 1951ರಲ್ಲಿ ಮಾರಾಟಕ್ಕೆ ತಂದ ಬೇಸ್ ಗಿಟಾರಿಗೆ ‘ಪ್ರಿಸಿಷನ್’ ಎಂದು ಹೆಸರು. ಮೆಟ್ಟಿಲುಗಳಿಂದ ಸ್ವರವು ನಿಖರವಾಗುವುದೆಂಬುದೇ ಆ ಹೆಸರಿನ ಅರ್ಥ. ಹತ್ತು ವರುಷಗಳ ಬಳಿಕ, 1961ರಲ್ಲಿ, ಇಂಗ್ಲೆಂಡಿನ ಬಿಲ್ ವೈಮನ್ ಅಗ್ಗದ ಬೇಸ್ ಒಂದರ ಸವೆದ ಮೆಟ್ಟಿಲುಗಳನ್ನು ಕಿತ್ತು, ಹೊಸವನ್ನು ಹಾಕುವ ಮೊದಲೇ ಅದರ ನಾದಕ್ಕೆ ಮನಸೋತು ಹಾಗೆಯೇ ಉಳಿಸಿಕೊಂಡನು. 1966ರಲ್ಲಿ ಆಂಪೆಗ್ ಸಂಸ್ಥೆಯವರು ಮೆಟ್ಟಿಲಿಲ್ಲದ ಬೇಸನ್ನೇ ಮಾಡಿ ಮಾರಿದರು. 1976ರಲ್ಲಿ ಜಾಕೋ ಪಾಸ್ಟೋರಿಯಸನ ಪ್ರಥಮ ಧ್ವನಿಮುದ್ರಿಕೆಯು ಹೊರಬಂದ ಮೇಲೆ ಈ ವಾದ್ಯದ ಹಾಡುವ ಗುಣವು ಲೋಕಪ್ರಸಿದ್ಧವಾಯಿತು.

ಇಷ್ಟನ್ನು ಓದಿದ ನಾವು ಮಗನಿಗೆ ಧೈರ್ಯ ಹೇಳಿದೆವು. ಮೊದಲ ಮೆಟ್ಟಿಲನ್ನು ನಾವೇ ಇಕ್ಕುಳದಿಂದ ಒಮ್ಮೆಗೇ ಎಳೆದೆವು. ಅದರೊಡನೆ ಉಗುರಿನಷ್ಟು ಮರವೂ ಎದ್ದು ಬಂದಿತು! ಹುಡುಗನು ಮಾತನಾಡಲಿಲ್ಲ, ಅವನ ಮುಖವನ್ನು ನೋಡಲು ನಮಗೆ ನಾಚಿಕೆಯಾಯಿತು. ಅವಸರದ ಫಲವಿದು. ಕ್ರಮವು ಹೀಗೆ: ತಂತಿಗಳನ್ನು ಬಿಚ್ಚಿ, ಬೆಸುಗೆ ಹಾಕುವ ಕಾವುಕಡ್ಡಿಯಿಂದ ಮೆಟ್ಟಿಲನ್ನು ಮೆಲ್ಲನೆ ಕಾಯಿಸಬೇಕು. ಒಳಗಿನ ಅಂಟು ಸಡಿಲವಾದ ಬಳಿಕ, ಬಾಯಿ ಸಮತಟ್ಟಾಗಿರುವ ಇಕ್ಕುಳವನ್ನು ಒಂದು ಅಂಚಿನಿಂದ ತೂರಿಸಿ, ಅಲುಗಿಸುತ್ತ ಎತ್ತಬೇಕು. ಎದ್ದ ಚಕ್ಕೆಯನ್ನು ಒಡನೆಯೇ ಅಂಟಿಸಬೇಕು. ಉಳಿದ ಮೆಟ್ಟಿಲುಗಳನ್ನು ಹೀಗೆ ತೆಗೆಯಲು ಮಗನಿಗೆ ಎರಡು ಸಾಯಂಕಾಲಗಳು ಹಿಡಿದವು. ಒಂದು ಚೂರೂ ಏಳಲಿಲ್ಲ.

ಬರಿದಾದ ಸೀಳುಗಳನ್ನು ತೆಳ್ಳನೆಯ ಮರದ ಪಟ್ಟಿಗಳಿಂದ ತುಂಬಬೇಕು. ಕಪ್ಪು ಹಲಗೆಗೆ ಬಿಳಿಯ ಪಟ್ಟಿಯಾದರೆ ಸ್ಥಾನಗಳು ಗೆರೆಗಳಂತೆ ಕಾಣುವುವು. ಕಲಿಯುವವನಿಗೆ ಇದೇ ಲೇಸು. ಸೀಳುಗಳನ್ನು ತೆರೆದಿಟ್ಟು ತಂತಿಯನ್ನು ಬಿಗಿದರೆ ದಂಡಿಯು ಬಾಗುವ ಭಯವಿದೆ. ಬಳಿಕ ಹಲಗೆಯ ಉಬ್ಬಿಗೆ ಹೊಂದುವ ಅಚ್ಚಿನ ಮೇಲೆ ಸ್ಯಾಂಡ್‌ಪೇಪರನ್ನು ಸುತ್ತಿ ನಯವಾಗಿ ಉಜ್ಜಬೇಕು. ಮೆಟ್ಟಿಲಿನ ಎತ್ತರವು ಇಲ್ಲವಾದುದರಿಂದ ಮೇರುವಿನ ಗಾಡಿಗಳನ್ನೂ ಕುದುರೆಯನ್ನೂ ತಗ್ಗಿಸುವುದು ಅವಶ್ಯಕ. ದುಂಡುಸುತ್ತಿನ ತಂತಿಯು ಅರದಂತೆ ಹಲಗೆಯನ್ನು ಸವೆಯಿಸುವುದಾದುದರಿಂದ ಚಪ್ಪಟೆಸುತ್ತಿನದನ್ನು ಹಾಕುವುದು ಯುಕ್ತ. ಒಂದು ಮಾತು ನೆನಪಿರಲಿ: ಮೆಟ್ಟಿಲಿದ್ದಾಗ ಬೆರಳು ಅದರ ಹಿಂದೆ ಕೂರುವುದು, ಈಗ ಬೆರಳು ಸ್ವರಸ್ಥಾನದ ಮೇಲೆಯೇ ಕೂರಬೇಕು.

ಇನ್ನು ಪಿಕಪ್ಪಿನ ವಿಚಾರ. ಅಯಸ್ಕಾಂತದ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸಾಧನವಿದು. ಮೇಲೆ ಉಕ್ಕಿನ ತಂತಿ ಕಂಪಿಸಿದೊಡನೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. 1831ರಲ್ಲಿ ಫ್ಯಾರಡೆಯು ಕಂಡ ತತ್ತ್ವವೇ ಇದಕ್ಕೆ ಆಧಾರ. ಒಂಟಿಸುರುಳಿಯದು ಸ್ಪಷ್ಟವಾಗಿ ನುಡಿಯುವುದು. ಆದರೆ ಮನೆಯ ವಿದ್ಯುತ್ತಿನ ಗುಂಯ್‌ಕಾರವನ್ನೂ ಹೀರಿಕೊಳ್ಳುವುದು. ವಿರುದ್ಧವಾಗಿ ಜೋಡಿಸಿದ ಎರಡು ಸುರುಳಿಗಳದು ಆ ಗದ್ದಲವನ್ನು ತಾನೇ ಕಳೆಯುವುದು. ಅದರ ನಾದ ಹೆಚ್ಚು ತುಂಬಿದುದು. ದಂಡಿಯ ಕಡೆಯ ಪಿಕಪ್ ಮಂದ್ರದ ಗಾಂಭೀರ್ಯವನ್ನೂ, ಕುದುರೆಯ ಕಡೆಯದು ಮೇಲಿನ ಅನುಸ್ವರಗಳನ್ನೂ ಎತ್ತಿಕೊಡುವುವು. ತಂತಿಯು ಮರವನ್ನು ಸವರುತ್ತ ನುಡಿಯುವ, ಮನುಷ್ಯನ ಕಂಠವನ್ನು ಹೋಲುವ ಧ್ವನಿಯು ಕುದುರೆಯ ಕಡೆಯದರಲ್ಲಿಯೇ ಚೆನ್ನಾಗಿ ಕೇಳಿಬರುವುದು. ಕುದುರೆಯಲ್ಲಿಯೇ ಅಡಗುವ ಪೀಜೋ ಎಂಬುದೊಂದುಂಟು. ಅದಕ್ಕೆ ಉಕ್ಕಿನ ತಂತಿಯೇ ಬೇಕೆಂಬ ನಿಯಮವಿಲ್ಲ.

ಮಗನು ಸಾಲ ಮಾಡಿಯಾದರೂ ಬೆಲೆಯುಳ್ಳ ಪಿಕಪ್ಪನ್ನು ತರಿಸಬೇಕೆಂದಿದ್ದನು. ನಾವು ಒಪ್ಪಲಿಲ್ಲ. ಇರುವುದರ ತಿರುಪನ್ನು ತಿರುಗಿಸಿ ಎತ್ತರವನ್ನು ಹೊಂದಿಸುವುದಕ್ಕೆ ಕಾಸಿನ ಖರ್ಚಿಲ್ಲ. ತೀರ ಸಮೀಪಕ್ಕೆ ತಂದರೆ ಮಾತ್ರ ಅಯಸ್ಕಾಂತವು ತಂತಿಯನ್ನೇ ಸೆಳೆದು ಶ್ರುತಿಯನ್ನು ಕದಲಿಸುವುದು. ಸ್ವರಶುದ್ಧಿಗಾಗಿ ಮೆಟ್ಟಿಲು ಕಿತ್ತವನಿಗೆ ಇದು ಸಲ್ಲದು. ಕೆಲವು ತಿಂಗಳು ನುಡಿಸಿದ ಬಳಿಕವೂ ಕೊರತೆ ಕಂಡರೆ, ಗುಳಿಯ ಅಳತೆಯನ್ನೂ ತಂತಿಗಳ ನಡುವಣ ಅಂತರವನ್ನೂ ಬರೆದಿಟ್ಟುಕೊಂಡು ಕೊಳ್ಳತಕ್ಕದ್ದು. ಪಿಕಪ್ಪು ಕೇಳಿದುದನ್ನು ಹೇಳೀತೇ ಹೊರತು ತಪ್ಪಿದ ಬೆರಳನ್ನು ತಿದ್ದಲಾರದು.

ಮೊದಲ ವಾರ ಮನೆಯಲ್ಲಿ ಕೇಳಿದ ಅಪಸ್ವರಗಳಿಗೆ ಲೆಕ್ಕವಿಲ್ಲ. ಹಿಂದೆ ಮೆಟ್ಟಿಲನ್ನು ದೂರುತ್ತಿದ್ದ ಹುಡುಗನಿಗೆ ಈಗ ದೂರಲು ಯಾರೂ ಇರಲಿಲ್ಲ. ಪ್ರಾತಃಕಾಲದಲ್ಲಿ ತಂಬೂರಿಯನ್ನು ಮೀಟಿಕೊಂಡು ಒಂದೇ ಗಾಂಧಾರವನ್ನು ಅರ್ಧಗಂಟೆ ಹುಡುಕುತ್ತಿದ್ದನು. ನವರಾತ್ರಿಯ ಒಂದು ಸಂಜೆ, ಕರೆಯದೆಯೇ ಬಂದು ತಾಯಿಯ ಪಕ್ಕದಲ್ಲಿ ಕುಳಿತನು. ಅದೇ ಕಲ್ಯಾಣಿ. ಗಾಂಧಾರಕ್ಕೆ ಬಂದಾಗ ಆಕೆಯು ಹಾಡನ್ನು ನಿಲ್ಲಿಸದೆ, ಎಡಗೈಯನ್ನು ತುಸು ಕೆಳಕ್ಕೆ ತೋರಿದಳು. ಬೆರಳು ಒಂದು ಎಳ್ಳಿನಷ್ಟು ಹಿಂದೆ ಸರಿಯಿತು. ಆಕೆಯು ತಲೆದೂಗಿ ಮುಂದಕ್ಕೆ ಹಾಡಿದಳು.

ನಾವು ಕಿತ್ತ ಚಕ್ಕೆಯ ಕಲೆಯು ಹಲಗೆಯ ಮೇಲೆ ಇನ್ನೂ ಇದೆ. ತನಗೆ ಸ್ಥಾನವನ್ನು ತೋರಲು ಅದೇ ಅನುಕೂಲವೆಂದು ಮಗನು ನಗುತ್ತಾನೆ. ಮನೆಯಲ್ಲಿ ಇಂತಹ ಅಗ್ಗದ ವಾದ್ಯವಿದ್ದು, ಇಂತಹ ಹಟವುಳ್ಳ ಮಕ್ಕಳಿದ್ದರೆ ವಾಚಕರು ಅಂಜದೆ ಪ್ರಯತ್ನಿಸಲಿ. ಮೊದಲ ಮೆಟ್ಟಿಲನ್ನು ಕಾಯಿಸಲು ಮಾತ್ರ ಮರೆಯದಿರಲಿ.