ಹಗ್ಗ ಕಟ್ಟದೆ ಬಿಟ್ಟ ಸಬ್‌ಮರೀನ್

‘ಹಗ್ಗ ಕಟ್ಟದೆ ಬಾವಿಗೆ ಬಿಡ್ತಾ ಇದೀರಲ್ರಪ್ಪಾ, ಅದು ಮೇಲೆ ಬರೋದು ಹೆಂಗೆ?’

ತಿಪಟೂರು ಕಡೆಯ ತೆಂಗಿನ ತೋಟವೊಂದರ ಬಾವಿಕಟ್ಟೆಯ ಬಳಿ ನಿಂತು ಗೆಳೆಯನ ಅಜ್ಜಿ ಹೀಗೆ ಕೇಳಿದಾಗ ನಾವು ನಾಲ್ವರೂ ನಕ್ಕಿದ್ದೆವು. ‘ಅಜ್ಜಿ, ಇದು ಬಿಂದಿಗೆ ಅಲ್ಲ, ಸಬ್‌ಮರೀನ್. ತಾನೇ ಮುಳುಗುತ್ತೆ, ತಾನೇ ಮೇಲೆ ಬರುತ್ತೆ’ ಎಂದು ನಾನೇ ಜಂಬದಿಂದ ಹೇಳಿದ್ದೆ. ಹತ್ತು ನಿಮಿಷದ ನಂತರ ನನ್ನ ಮಾತಿನಲ್ಲಿ ಅರ್ಧ ಮಾತ್ರ ನಿಜವಾಗಿತ್ತು. ಅದು ಮುಳುಗಿತ್ತು.

ಅದು ನಮ್ಮ ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್. ದುಡ್ಡು ಕೊಟ್ಟರೆ ರಿಪೋರ್ಟ್ ಸಮೇತ ರೆಡಿಮೇಡ್ ಪ್ರಾಜೆಕ್ಟ್ ಕೊಡುವ ಅಂಗಡಿಗಳಿವೆ ಎಂಬುದು ಎಂಜಿನಿಯರಿಂಗ್ ಓದುವವರಿಗೆಲ್ಲ ಗೊತ್ತು. ‘ಸುಮ್ನೆ ಅಲ್ಲಿ ತಗೊಳ್ರೋ’ ಎಂದು ಸೀನಿಯರ್‌ಗಳೂ ಹೇಳಿದ್ದರು. ನಾವು ಹಠಕ್ಕೆ ಬಿದ್ದು, ತಲಾ ಸಾವಿರ ರೂಪಾಯಿ ಹಾಕಿಕೊಂಡು ಸಬ್‌ಮರೀನ್ ಕಟ್ಟಲು ಹೊರಟೆವು. ನನ್ನ ಪಾಲಿನ ಸಾವಿರ, ಮೆಸ್ ಬಿಲ್‌ಗೆಂದು ಅಪ್ಪ ಕಳಿಸಿದ್ದ ಹಣ.

ಮುಳುಗಿಸುವುದೇನು ಮಹಾ ಎಂದುಕೊಂಡಿದ್ದೆವು. ಪ್ಲಂಬಿಂಗ್ ಅಂಗಡಿಯಿಂದ 110 ಮಿ.ಮೀ. ಅಗಲದ ಪಿವಿಸಿ ಪೈಪ್ ತಂದು, ಮುಚ್ಚಳಗಳೂ ಸೇರಿ 50 ಸೆಂ.ಮೀ. ಉದ್ದಕ್ಕೆ ಜೋಡಿಸಿ ಹಾಸ್ಟೆಲ್‌ನ ಡ್ರಮ್ಮಿಗೆ ಹಾಕಿದರೆ ಅದು ಬೆಂಡಿನಂತೆ ತೇಲಿತು! ಆಮೇಲೆ ಲೆಕ್ಕ ಹಾಕಿದೆವು. ಅಷ್ಟು ದೊಡ್ಡ ಪೈಪ್ ಪೂರ್ತಿ ಮುಳುಗಿದರೆ ಪಕ್ಕಕ್ಕೆ ಸರಿಸುವ ನೀರು ಸುಮಾರು 4.75 ಲೀಟರ್. ಅಂದರೆ ಅದರ ತೂಕವೂ 4.75 ಕಿಲೋ ಆಗುವವರೆಗೆ ನೀರು ಅದನ್ನು ಮುಳುಗಲು ಬಿಡುವುದಿಲ್ಲ. ಶಾಲೆಯಲ್ಲಿ ಉರು ಹೊಡೆದಿದ್ದ ಆರ್ಕಿಮಿಡೀಸ್ ತತ್ವ ಅರ್ಥವಾಗಿದ್ದು ಆ ಡ್ರಮ್ಮಿನ ಪಕ್ಕದಲ್ಲಿ. ಮನೆ ಕಟ್ಟುತ್ತಿದ್ದ ಕಡೆ ಬೇಡಿ ತಂದ ಸುಮಾರು ಮೂರು ಕಿಲೋ ಕಂಬಿ ತುಂಡುಗಳನ್ನು ಒಳಗೆ ತುಂಬಿದೆವು. ಆದರೆ ಅವನ್ನು ಹೇಗೆಂದರೆ ಹಾಗೆ ತುಂಬಿದ್ದರಿಂದ ಸಬ್‌ಮರೀನ್ ಸತ್ತ ಮೀನಿನಂತೆ ಹೊಟ್ಟೆ ಮೇಲೆ ಮಾಡಿ ಮಲಗಿತು. ಭಾರವೆಲ್ಲ ತಳದಲ್ಲಿ, ಗಾಳಿಯೆಲ್ಲ ಮೇಲ್ಭಾಗದಲ್ಲಿ ಇದ್ದರಷ್ಟೇ ಅದು ನೆಟ್ಟಗೆ ನಿಲ್ಲುತ್ತದೆ. ಕಂಬಿಗಳನ್ನು ತಳಕ್ಕೆ ಕಟ್ಟಿದ ಮೇಲೆ ಸರಿಹೋಯಿತು.

ಮುಳುಗಿ ಏಳಲು ನಾವು ಬಳಸಿದ್ದು ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ 60 ಎಂ.ಎಲ್.ನ ನಾಲ್ಕು ಸಿರಿಂಜ್. ಮುಂದೆ ಎರಡು, ಹಿಂದೆ ಎರಡು. ಚಿಕ್ಕ ಮೋಟಾರ್ ಥ್ರೆಡ್ ರಾಡ್ ತಿರುಗಿಸಿ ಸಿರಿಂಜಿನ ಹಿಡಿಯನ್ನು ಎಳೆದರೆ ಹೊರಗಿನ ನೀರು ಒಳಬಂದು ತೂಕ ಹೆಚ್ಚುತ್ತದೆ, ಸಬ್‌ಮರೀನ್ ಇಳಿಯುತ್ತದೆ. ತಳ್ಳಿದರೆ ನೀರು ಹೊರಹೋಗಿ ಏಳುತ್ತದೆ. ನೌಕಾಪಡೆಯ ದೊಡ್ಡ ಜಲಾಂತರ್ಗಾಮಿಗಳೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತವೆ. ಅಲ್ಲಿ ಟ್ಯಾಂಕುಗಳಿಂದ ನೀರನ್ನು ಹೊರದಬ್ಬುವುದು ಅತಿ ಒತ್ತಡದ ಗಾಳಿ.

ರಿಮೋಟ್‌ನಿಂದ ಓಡಿಸುವ ಆಸೆಯೂ ಇತ್ತು. ಆದರೆ ಆಟಿಕೆ ರಿಮೋಟ್‌ಗಳ 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಸ್ವಲ್ಪ ಆಳದಲ್ಲೇ ನುಂಗಿಬಿಡುತ್ತದೆ. ಹಾಗಾಗಿ ಬ್ಯಾಟರಿ, ಸ್ವಿಚ್ ಎರಡನ್ನೂ ದಡದಲ್ಲೇ ಇಟ್ಟು ಉದ್ದನೆಯ ವೈರ್ ಎಳೆದೆವು. ಪ್ರೊಪೆಲ್ಲರ್‌ನ ಕಡ್ಡಿ ಹೊರಬರುವ ಕಡೆ ನೀರು ಸೋರಬಹುದೆಂದು ಹೆದರಿ, ಅಲ್ಲಿ ಗ್ರೀಸ್ ತುಂಬಿದ ಹಿತ್ತಾಳೆ ಕೊಳವೆ ಕೂರಿಸಿದೆವು. ವೈರ್ ಹೊರಬರುವ ರಂಧ್ರಕ್ಕೆ ಮಾತ್ರ ಹಾಟ್ ಗ್ಲೂ ಮೆತ್ತಿ ಸುಮ್ಮನಾದೆವು.

ಡ್ರಮ್ಮಿನಲ್ಲಿ ಎಲ್ಲವೂ ಸೊಗಸಾಗಿ ನಡೆಯಿತು. ಬಾವಿಯಲ್ಲಿದ್ದ ನೀರು ಹದಿನೈದು ಅಡಿ. ಸಬ್‌ಮರೀನ್ ಇಳಿಯಿತು, ಚಪ್ಪಾಳೆ ತಟ್ಟಿದೆವು. ಏಳುವ ಸ್ವಿಚ್ ಒತ್ತಿದೆವು, ಏಳಲಿಲ್ಲ. ಮತ್ತೆ ಒತ್ತಿದೆವು. ವೈರ್ ಹಿಡಿದು ಎಳೆದರೆ ಜಾಯಿಂಟ್ ಕಿತ್ತು ವೈರ್ ಮಾತ್ರ ಕೈಗೆ ಬಂತು. ರಿವ್ಯೂಗೆ ಉಳಿದಿದ್ದು ಒಂಬತ್ತು ದಿನ. ಯಾರ ಬಾಯಲ್ಲೂ ಮಾತಿಲ್ಲ. ಅಜ್ಜಿ ಬೈಯಲೂ ಇಲ್ಲ, ನಗಲೂ ಇಲ್ಲ. ಒಳಗೆ ಹೋಗಿ ಪಾತಾಳಗರಡಿ ತಂದರು. ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಆ ಕೊಕ್ಕೆಗಳ ಗೊಂಚಲನ್ನು ಇಳಿಬಿಟ್ಟು, ಮುಕ್ಕಾಲು ಗಂಟೆ ತಡಕಾಡಿದ ಮೇಲೆ ಪ್ರೊಪೆಲ್ಲರ್ ಸುತ್ತಲಿನ ತಂತಿಯ ಬಳೆಗೆ ಕೊಕ್ಕೆ ಸಿಕ್ಕಿಕೊಂಡಿತು.

ಬಿಚ್ಚಿ ನೋಡಿದರೆ ಒಳಗೆ ಲೀಟರ್‌ಗೂ ಹೆಚ್ಚು ನೀರು. ಹಾಟ್ ಗ್ಲೂ ಸಿಪ್ಪೆಯಂತೆ ಎದ್ದುಬಂದಿತ್ತು. ಆ ರಾತ್ರಿ ಹಾಕಿದ ಲೆಕ್ಕ ನನಗೆ ಇಂದಿಗೂ ಬಾಯಿಪಾಠ. ಒಂದಡಿ ಆಳದ ಡ್ರಮ್ಮಿನಲ್ಲಿ ನಮ್ಮ ಮುಚ್ಚಳದ ಮೇಲೆ ಬೀಳುವ ನೀರಿನ ಭಾರ ಮೂರು ಕಿಲೋಗಿಂತ ಕಡಿಮೆ. ಹದಿನೈದು ಅಡಿಯಲ್ಲಿ ಅದೇ ಮುಚ್ಚಳದ ಮೇಲೆ ಸುಮಾರು 43 ಕಿಲೋ! ಇನ್ನು ಸಿರಿಂಜ್‌ಗಳನ್ನು ಪೂರ್ತಿ ಖಾಲಿ ಮಾಡಿದರೂ ನಮ್ಮ ಸಬ್‌ಮರೀನ್ ಎತ್ತಬಲ್ಲ ಹೆಚ್ಚುವರಿ ಭಾರ 120 ಗ್ರಾಂ ಮಾತ್ರ. ಒಂದು ಲೋಟ ನೀರು ಒಳಹೊಕ್ಕರೆ ಕಥೆ ಮುಗಿದಂತೆ. ಇಳಿಯುವುದು ಹೇಗೆಂದು ನಾವು ಎರಡು ತಿಂಗಳು ಯೋಚಿಸಿದ್ದೆವು. ಎಲ್ಲವೂ ಕೆಟ್ಟಾಗ ಏಳುವುದು ಹೇಗೆಂದು ಒಂದು ದಿನವೂ ಯೋಚಿಸಿರಲಿಲ್ಲ. ಅಜ್ಜಿ ಕೇಳಿದ್ದು ಅದನ್ನೇ.

ಉತ್ತರ ಸಿಕ್ಕಿದ್ದು ‘ಟ್ರಿಯೆಸ್ಟ್’ ಬಗ್ಗೆ ಓದಿದಾಗ. 1960ರ ಜನವರಿ 23ರಂದು ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಶ್ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳಕ್ಕೆ, ಅಂದರೆ ಸುಮಾರು 11 ಕಿ.ಮೀ. ಆಳಕ್ಕೆ, ಇಳಿದು ಬಂದ ನೌಕೆಯದು. ಅದನ್ನು ಕೆಳಗಿಳಿಸಲು ಟನ್‌ಗಟ್ಟಲೆ ಕಬ್ಬಿಣದ ಗುಂಡುಗಳನ್ನು ತುಂಬಿದ್ದರು. ಆ ಗುಂಡುಗಳು ಉದುರದಂತೆ ಹಿಡಿದಿದ್ದದ್ದು ವಿದ್ಯುತ್ಕಾಂತ. ಕರೆಂಟ್ ಹೋಯಿತೆನ್ನಿ, ಗುಂಡುಗಳು ತಾವೇ ಉದುರಿ ನೌಕೆ ಏಳಲು ಶುರುಮಾಡುತ್ತದೆ. ಕೆಟ್ಟುಹೋಗುವುದೇ ಅದನ್ನು ಉಳಿಸುವ ದಾರಿ!

ನಾವೂ ಒಳಗಿನ ಕಂಬಿಯಲ್ಲಿ ಸ್ವಲ್ಪ ತೆಗೆದು, ಅರ್ಧ ಕಿಲೋದ ಕಬ್ಬಿಣದ ತುಂಡೊಂದನ್ನು ಹೊಟ್ಟೆಯ ಹೊರಗೆ 12 ವೋಲ್ಟ್‌ನ ವಿದ್ಯುತ್ಕಾಂತಕ್ಕೆ ಅಂಟಿಸಿದೆವು. ಅದು ಕಳಚಿದರೆ ಸುಮಾರು 435 ಗ್ರಾಂನಷ್ಟು ಹಗುರ. ಅಂದರೆ ಕಾಲು ಲೀಟರ್ ನೀರು ನುಗ್ಗಿದರೂ ಸಬ್‌ಮರೀನ್ ಮೇಲೆ ಬರಬೇಕು. ಹಾಟ್ ಗ್ಲೂ ಬದಲು ಎಲೆಕ್ಟ್ರಿಕಲ್ ಅಂಗಡಿಯ ಕೇಬಲ್ ಗ್ಲ್ಯಾಂಡ್ ಹಾಕಿದೆವು. ಸೈಕಲ್ ಪಂಪ್‌ನಿಂದ ಸ್ವಲ್ಪವೇ ಗಾಳಿ ತುಂಬಿ, ಪಂಕ್ಚರ್ ಅಂಗಡಿಯವರು ಟ್ಯೂಬ್ ಅದ್ದುವಂತೆ ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕಿದೆವು.

ರಿವ್ಯೂನಲ್ಲಿ ಕಿತ್ತುಬಂದ ಹಾಟ್ ಗ್ಲೂ ತುಂಡನ್ನೂ ಟೇಬಲ್ ಮೇಲಿಟ್ಟೆವು. ಹೆಚ್ಚಿನ ಪ್ರಶ್ನೆಗಳು ಬಂದಿದ್ದು ಅದರ ಬಗ್ಗೆಯೇ. ಪ್ರಾಜೆಕ್ಟ್ ಕೊಂಡು ತಂದವರಿಗೆ ‘ಇದು ಹೇಗೆ ಕೆಲಸ ಮಾಡುತ್ತೆ’ ಎಂಬ ಪ್ರಶ್ನೆಗೆ ಉತ್ತರ ರಿಪೋರ್ಟಿನಲ್ಲೇ ಸಿಗುತ್ತದೆ. ‘ಎಲ್ಲಿ ಕೆಟ್ಟಿತು, ನೀವೇನು ಮಾಡಿದಿರಿ’ ಎಂಬುದಕ್ಕೆ ಸಿಗುವುದಿಲ್ಲ. ನಾಳೆ ಕೆಲಸದ ಸಂದರ್ಶನದಲ್ಲೂ ಕೇಳುವುದು ಇದನ್ನೇ ಇರಬಹುದು.

ನೀವೂ ಕಟ್ಟುವುದಾದರೆ ಒಂದು ಮಾತು. ಸಬ್‌ಮರೀನ್ ಆಟಿಕೆಯಷ್ಟೇ ಇರಲಿ, ಒಳಗೆ ಕೂರುವ ಹುಚ್ಚು ಬೇಡ. 2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಹೊರಟ ‘ಟೈಟನ್’ ಒತ್ತಡಕ್ಕೆ ಕುಸಿದು ಐವರು ಸತ್ತರು. ನಮ್ಮ ದೇಶ ಸಿದ್ಧಪಡಿಸುತ್ತಿರುವ ‘ಮತ್ಸ್ಯ 6000’ ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಬೇಕು. ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ 600 ಕಿಲೋದಷ್ಟು ಭಾರ ಬೀಳುತ್ತದೆ. ಜನ ಕೂರುವ ಗೋಳವನ್ನು ಟೈಟಾನಿಯಂನಿಂದ ಮಾಡುವುದು ಅದಕ್ಕೇ. ಇನ್ನು ಬಾವಿ, ಕೃಷಿಹೊಂಡದ ಹತ್ತಿರ ಒಬ್ಬರೇ ಹೋಗಬೇಡಿ. ಏನು ಬಿದ್ದರೂ ಹಿಂದೆ ಹಾರಬೇಡಿ.

ರಿವ್ಯೂ ಮುಗಿದ ಮೇಲೆ ಮತ್ತೆ ಅದೇ ಬಾವಿಗೆ ಹೋದೆವು. ಈ ಸಲ ಸಬ್‌ಮರೀನ್‌ಗೆ ಹಗ್ಗವನ್ನೂ ಕಟ್ಟಿದೆವು. ಅದು ತಳ ಮುಟ್ಟಿದ ಮೇಲೆ ಬೇಕೆಂದೇ ಬ್ಯಾಟರಿಯ ವೈರ್ ಕಿತ್ತೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಪ್ಪು ನೀರಿನೊಳಗಿಂದ ಬಿಳಿ ಪೈಪ್ ನಿಧಾನಕ್ಕೆ ಮೇಲೆದ್ದು ಬಂತು. ಹಗ್ಗ ಸಡಿಲವಾಗಿಯೇ ಇತ್ತು.

‘ಬಂತಲ್ಲ’ ಎಂದರು ಅಜ್ಜಿ. ‘ಆ ಕಬ್ಬಿಣದ ತುಂಡು?’

ಅದು ಬಾವಿಯ ತಳದಲ್ಲಿತ್ತು. ಅಜ್ಜಿ ಮತ್ತೆ ಪಾತಾಳಗರಡಿ ತರಲು ಒಳಗೆ ಹೋದರು.