2.7 ಕಿಲೋಮೀಟರ್ ವಿಮಾನಯಾನ

ನಮ್ಮ ಹಳ್ಳಿಗಳಲ್ಲಿ "ಎಷ್ಟು ದೂರ?" ಅಂತ ಕೇಳಿದರೆ "ಇಲ್ಲೇ, ಕೂಗಳತೆ" ಅನ್ನೋ ಉತ್ತರ ಬರುತ್ತೆ. ಇವತ್ತು ನಾವು ಹೇಳಹೊರಟಿರುವುದು ಕೂಗಳತೆಗಿಂತ ತುಸು ಹೆಚ್ಚು ದೂರ ಇರುವ ಎರಡು ವಿಮಾನ ನಿಲ್ದಾಣಗಳ ಕಥೆ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಸಮೂಹ ಇದೆ. ಅಲ್ಲಿನ ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇ ದ್ವೀಪಕ್ಕೆ 1967ರಿಂದ ಲೋಗನ್‌ಏರ್ ವಿಮಾನ ಹಾರುತ್ತಿದೆ. ದೂರ ಬರೀ 2.7 ಕಿ.ಮೀ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇಯೇ 4 ಕಿ.ಮೀ. ಇದೆ! ವೇಳಾಪಟ್ಟಿಯಲ್ಲಿ ಈ ಪ್ರಯಾಣಕ್ಕೆ 2 ನಿಮಿಷ. ದಾಖಲೆ 53 ಸೆಕೆಂಡು. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ ಇದು.

ಇಷ್ಟು ದೂರಕ್ಕೆ ವಿಮಾನ ಯಾಕೆ ಬೇಕು? ನಡುವೆ ಸಮುದ್ರ ಇದೆ, ನಿಜ. ಆದರೆ ದೋಣಿಯೂ ಇದೆ, ಸುಮಾರು ಅರ್ಧ ಗಂಟೆಯಲ್ಲಿ ದಾಟಿಸುತ್ತೆ. ಅಸಲು ವಿಷಯ ಬೇರೆ. ದೊಡ್ಡ ಆಸ್ಪತ್ರೆ, ಕಚೇರಿಗಳೆಲ್ಲ ಇರೋದು ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್‌ನಲ್ಲಿ. ವಿಮಾನ ಅಲ್ಲಿಂದ ಹೊರಟು, ಬಸ್ಸಿನ ಹಾಗೆ ದ್ವೀಪದಿಂದ ದ್ವೀಪಕ್ಕೆ ನಿಂತು ಹೋಗುತ್ತೆ. 2011ರ ಜನಗಣತಿಯಲ್ಲಿ ಪಾಪಾ ವೆಸ್ಟ್ರೇಯಲ್ಲಿ ಇದ್ದವರು 90 ಮಂದಿ. ಅವರಿಗೆ ಕರ್ಕ್‌ವಾಲ್ ಸುಮಾರು ಕಾಲು ಗಂಟೆಯ ದೂರ. ಮಂಜು ಕವಿದು ವಿಮಾನ ಹಾರದಿದ್ದರೆ ಅದೇ ಆಸ್ಪತ್ರೆ ಅಷ್ಟೇ ಕಿಲೋಮೀಟರಿನಲ್ಲಿದ್ದರೂ ಗಂಟೆಗಟ್ಟಲೆ ದೂರ ಹೋಗಿಬಿಡುತ್ತೆ.

ಈಗ ಸ್ವಲ್ಪ ಲೆಕ್ಕ. ವಿಮಾನದ ವೇಗ ಸೆಕೆಂಡಿಗೆ 50 ಮೀಟರ್ ಅಂದುಕೊಳ್ಳೋಣ. ಗಾಳಿ ಇಲ್ಲದಿದ್ದರೆ 2.7 ಕಿ.ಮೀ.ಗೆ 54 ಸೆಕೆಂಡು. ಹೋಗಿ ಬರೋಕೆ 108. ಸೆಕೆಂಡಿಗೆ 10 ಮೀಟರ್ ಗಾಳಿ ಬೀಸಿತು ಅನ್ನಿ. ಗಾಳಿ ಬೆನ್ನಿಗಿದ್ದಾಗ 45 ಸೆಕೆಂಡು, ಎದುರಾದಾಗ 67.5. ಒಟ್ಟು 112.5. ಹೋಗುವಾಗ ಗಳಿಸಿದ್ದು ಬರುವಾಗ ಕಳೆದು ಸರಿಹೋಗಬೇಕಿತ್ತಲ್ಲ? ಹೋಗಲ್ಲ. ಯಾಕಂದ್ರೆ ನಿಧಾನವಾಗಿ ಹಾರುವಾಗ ಎದುರುಗಾಳಿಗೆ ಸಿಕ್ಕಿಕೊಂಡಿರುವ ಹೊತ್ತೇ ಜಾಸ್ತಿ.

ಈ ಲೆಕ್ಕ ಚೆನ್ನಾಗಿ ಗೊತ್ತಿರೋರು ಅಲ್ಲೇ ಇದ್ದಾರೆ. ಪಾಪಾ ವೆಸ್ಟ್ರೇಯ ಉತ್ತರ ತುದಿಯಲ್ಲಿ ಬೇಸಿಗೆಯಲ್ಲಿ ಆರ್ಕ್ಟಿಕ್ ಟರ್ನ್ ಎಂಬ ಕಡಲಹಕ್ಕಿಗಳು ಮರಿಮಾಡುತ್ತವೆ. ಇದೇ ಜಾತಿಯ, ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್‌ನ ಹಕ್ಕಿಗಳ ಕಾಲಿಗೆ 1.4 ಗ್ರಾಂ ಸಾಧನ ಕಟ್ಟಿ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅಂಟಾರ್ಕ್ಟಿಕಾ ಕಡೆಗೆ ಹೋಗಿ ಬರುವುದರಲ್ಲಿ ಅವು ವರ್ಷಕ್ಕೆ ಸರಾಸರಿ ಸುಮಾರು 70,000 ಕಿ.ಮೀ. ಹಾರಿದ್ದವು. ವಾಪಸ್ ಬರುವಾಗ ನೇರ ದಾರಿ ಬಿಟ್ಟು, ಅಟ್ಲಾಂಟಿಕ್ ಮೇಲೆ ಹಾವಿನ ಹಾಗೆ ಬಳಸಿಕೊಂಡು ಬಂದವು. ಸಾವಿರಾರು ಕಿಲೋಮೀಟರ್ ಸುತ್ತು! ಆದರೆ ಆ ದಾರಿಯಲ್ಲಿ ಗಾಳಿ ಬೆನ್ನಿಗಿತ್ತು. ದಕ್ಷಿಣಕ್ಕೆ ಹೋಗೋಕೆ ಮೂರು ತಿಂಗಳು ಹಿಡಿದಿದ್ದರೆ, ವಾಪಸ್ ಬರೋಕೆ ಸುಮಾರು 40 ದಿನ ಸಾಕಾಯ್ತು. ದಾರಿಯಲ್ಲಿ ಮೇಯಲು ನಿಂತ ದಿನಗಳೂ ಈ ವ್ಯತ್ಯಾಸಕ್ಕೆ ಕಾರಣ.

ನಕ್ಷೆಯಲ್ಲಿ ಅಳೆಯೋ ದೂರ ಬದಲಾಗಲ್ಲ. ಬದುಕಿನಲ್ಲಿ ಲೆಕ್ಕಕ್ಕೆ ಬರೋದು ತಲುಪುವ ಹೊತ್ತು. ಆ 90 ಮಂದಿಯ ಪಾಲಿಗೆ ಪುಟ್ಟ ವಿಮಾನವೊಂದು ಆಸ್ಪತ್ರೆಯನ್ನು ಹತ್ತಿರ ತಂದಿಟ್ಟಿದೆ. ಪರದೇಶದಲ್ಲಿರುವ ನಮಗೂ ಇದು ಗೊತ್ತಿದ್ದದ್ದೇ. "ಊರು ಎಷ್ಟು ದೂರ?" ಅಂದರೆ ನಾವ್ಯಾರೂ ಕಿಲೋಮೀಟರ್ ಹೇಳಲ್ಲ, ಹೊರಟರೆ ಎಷ್ಟು ಗಂಟೆಗೆ ಅಮ್ಮನ ಮುಂದೆ ನಿಂತಿರುತ್ತೇವೆ ಅಂತ ಹೇಳ್ತೇವೆ.